ಕಲ್ಲಿಗೂ ಒಂದು ಊರುಂಟು

ವಿಕಾರಾಬಾದ್ ಕಡೆ ಸುತ್ತಲು ಹೋಗಿದ್ದ ಗೆಳೆಯರೊಬ್ಬರು ಸುರುಳಿ ಗುರುತಿದ್ದ ಕಲ್ಲಿನ ಫೋಟೊ ತೋರಿಸಿದರು. ಶಂಖವೇ? ಹಾಗಾದರೆ ಹೈದರಾಬಾದ್ ಪಕ್ಕ ಸಮುದ್ರವಿತ್ತೇ?

ನಮ್ಮ ಹವ್ಯಾಸಿ ಬಳಗದ ಹಿರಿಯರು ಕೇಳಿದ್ದು ಎರಡೇ: "ಎಲ್ಲಿ ಸಿಕ್ತು? ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಯಾವ ಕಡೆ?" ಸಿಕ್ಕಿದ್ದು ಲಾವಾ ಪದರಗಳ ನಡುವೆ, ಬಾಯಿ ಎಡಕ್ಕೆ. ಅಲ್ಲಿಗೆ ಅದು ಫೈಸಾ, ಸಿಹಿನೀರಿನ ಬಸವನಹುಳು. ಇದ್ದದ್ದು ಕೆರೆ, ಕಡಲಲ್ಲ.

ಅದೇ ಸೀಮೆಯ ನಸ್ಕಲ್‌ನ ಪುಟಾಣಿ ಹಲ್ಲುಗಳಿಂದಲೇ 1988ರಲ್ಲಿ ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿ ಬೆಳಕಿಗೆ ಬಂತು. ಡೆಕ್ಕನೋಲೆಸ್ಟಿಸ್ ಹಿಸ್ಲೋಪಿ ಎಂಬ ಹೆಸರಲ್ಲಿರುವುದು ನಾಗಪುರದ ಮಿಷನರಿ, ಹವ್ಯಾಸಿ ಸಂಗ್ರಾಹಕ ಸ್ಟೀಫನ್ ಹಿಸ್ಲಾಪ್.

ಜಾಗ ಬರೆದಿಡದ ಕಲ್ಲು ಬರೀ ಷೋಕೇಸ್ ಗೊಂಬೆ. ನಿಮಗೂ ಸಿಕ್ಕರೆ ಫೋಟೊ ತೆಗೆಯಿರಿ, ಜಾಗ ಗುರುತಿಸಿಕೊಳ್ಳಿ, ಬಲ್ಲವರಿಗೆ ತೋರಿಸಿ. ಕಲ್ಲು ಅಲ್ಲೇ ಇರಲಿ.