ಗಿಟಾರಿನ ಉಬ್ಬು ಮೈ

ಎಲೆಕ್ಟ್ರಿಕ್ ಗಿಟಾರಿನ ಮೇಲ್ಮೈಯನ್ನು ಉಬ್ಬಾಗಿ ಕೆತ್ತಿದ್ರೆ ನಾದ ಚೆನ್ನಾಗಿರುತ್ತೆ ಅಂತ ಹೇಳಿ ಜಾಸ್ತಿ ದುಡ್ಡು ಕೇಳೋರಿದ್ದಾರೆ. ನಂಗಂತೂ ನಂಬಿಕೆ ಇಲ್ಲ. ಪಿಟೀಲಿನಲ್ಲಿ ಆ ತೆಳು ಹಲಗೆಯೇ ಅದುರಿ ಹಾಡುತ್ತೆ, ಅಲ್ಲಿ ಉಬ್ಬಿಗೆ ಅರ್ಥವಿದೆ. ಗಟ್ಟಿ ಮರದ ಗಿಟಾರಿನಲ್ಲಿ ಪಿಕಪ್ಪು ಹಿಡಿಯೋದು ತಂತಿಯ ಅದುರನ್ನು. 1952ರಲ್ಲಿ ಗಿಬ್ಸನ್ ಕಂಪನಿ ತನ್ನ ಲೆಸ್ ಪಾಲ್ ಗಿಟಾರಿಗೆ ಮೇಪಲ್ ಮರದ ಉಬ್ಬು ಕೊಟ್ಟಾಗ, ಫೆಂಡರ್‌ನವರ ಟೆಲಿಕಾಸ್ಟರ್ ಚಪ್ಪಟೆ ಹಲಗೆಯಾಗಿಯೇ ಚೆನ್ನಾಗಿ ಹಾಡ್ತಿತ್ತು!

ಹಾಗಂತ ನಾನೇನು ಕೆತ್ತೋದು ಬಿಟ್ಟಿಲ್ಲ :) ನುಡಿಸುವಾಗ ಕೈಗೆ ಅಂಚು ಒತ್ತಲ್ಲ, ಬೆಳಕು ಬಿದ್ರೆ ಮರದ ಎಳೆ ಮಿನುಗುತ್ತೆ. ಅಷ್ಟು ಸಾಲದೇ?

ಮೊದಲ ಸಲ ಈ ಆಸೆಯಲ್ಲೇ ಕೆತ್ತುತ್ತಾ ಹೋದೆ. ವೈರುಗಳಿಗಾಗಿ ಹಿಂದಿನಿಂದ ಕೊರೆದಿದ್ದ ಗುಂಡಿ ಮರೆತೇಹೋಗಿತ್ತು... ತೂತು ಬಿತ್ತು. ಈಗ ಅಲ್ಲಿ ದಪ್ಪ ಅಳೆಯದೆ ಉಳಿ ಮುಟ್ಟೋದಿಲ್ಲ.