ಡಬ್ಬಿಯ ಕೇಸರಿ ಬಣ್ಣಕ್ಕೆ ವಯಸ್ಸೆಷ್ಟು?

ಹಬ್ಬಕ್ಕೋ ನಾಮಕರಣಕ್ಕೋ ಕೇಸರಿಬಾತ್ ಮಾಡುವಾಗ ಮಾತ್ರ ನೆನಪಾಗುವ ವಸ್ತು ಕೇಸರಿ ಬಣ್ಣ. ಕುಣಿಗಲ್ ತಾಲ್ಲೂಕಿನ ಅಮೃತೂರಿನ ಮನೆಯಾಗಲಿ, ಬೆಂಗಳೂರಿನ ಮನೆಯಾಗಲಿ, ಒಮ್ಮೆ ತಂದ ಪೊಟ್ಟಣ ವರ್ಷಗಟ್ಟಲೆ ಒಗ್ಗರಣೆ ಡಬ್ಬಿಯ ಪಕ್ಕ ಕುಳಿತಿರುತ್ತದೆ. ಚಿಟಿಕೆ ಸಾಕಾಗುವುದರಿಂದ ಅದು ಮುಗಿಯುವುದೇ ಇಲ್ಲ. ಹಾಗಾದರೆ ಅದು ಕೆಡುವುದು ಯಾವಾಗ?

ಒಣ ಪುಡಿ ಬೇಗ ಕೆಡದು. ಅದರ ಶತ್ರು ತೇವ. ಒದ್ದೆ ಚಮಚ ಹಾಕಿದರೆ, ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿದರೆ ಆವಿ ಸೇರಿ ಪುಡಿ ಗಂಟು ಕಟ್ಟುತ್ತದೆ. ಅಂಟಂಟಾಗಿ ಮುಗ್ಗಲು ವಾಸನೆ ಬಂದರೆ ಎಸೆಯುವುದೇ ಲೇಸು. ದ್ರವ ಬಣ್ಣದ ಮೇಲೆ ಪೊರೆ ಕಟ್ಟಿದ್ದರೆ, ಹುಳಿ ವಾಸನೆಯಿದ್ದರೆ, ಕುಲುಕಿದರೂ ತಳದ ಗಸಿ ಕರಗದಿದ್ದರೆ ಅದೂ ಬೇಡ. ಪುಡಿಯನ್ನು ನೀರಿನಲ್ಲಿ ಕದಡಿದ ಮೇಲೆ ಉಳಿದದ್ದನ್ನು ನಾಳೆಗೆ ಇಡಬಾರದು. ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಕೇಸರಿ ದಳಗಳು ಬೆಳಕಿಗೆ ಮಂಕಾಗುತ್ತವೆ. ಇವೆಲ್ಲಕ್ಕೂ ಬೇಕಾದುದು ಬಿಗಿ ಮುಚ್ಚಳ, ಒಣ ಚಮಚ, ಒಲೆಯಿಂದ ದೂರದ ಕತ್ತಲ ಮೂಲೆ.

ಆದರೆ ಮೂಗಿಗೂ ಕಣ್ಣಿಗೂ ಸಿಗದ ಕೇಡೊಂದಿದೆ. ನಮ್ಮ ದೇಶದ ಕಾನೂನು ಆಹಾರಕ್ಕೆ ಒಪ್ಪಿರುವ ಕೃತಕ ಬಣ್ಣಗಳು 8 ಮಾತ್ರ. ಅವನ್ನೂ ಎಲ್ಲ ತಿನಿಸಿಗೆ, ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ಬಟ್ಟೆಗೆ ಹಾಕುವ ರೋಡಮೈನ್-ಬಿ ಆ ಪಟ್ಟಿಯಲ್ಲಿಲ್ಲ. ಆದರೂ ಅದು ತಿನಿಸುಗಳಲ್ಲಿ ಪತ್ತೆಯಾಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಇಂಥ ಬಣ್ಣ ಗಂಟೂ ಕಟ್ಟದು, ನಾರುವುದೂ ಇಲ್ಲ. ನೋಡಲು ಇನ್ನೂ ಚೆಂದ!

ಆದ್ದರಿಂದ ಕಾಗದದಲ್ಲಿ ಕಟ್ಟಿಕೊಟ್ಟ ಬಿಡಿ ಬಣ್ಣ, ತಂದ ದಿನವೇ ಕೆಟ್ಟಿದೆ ಎಂದು ತಿಳಿಯುವುದು ಕ್ಷೇಮ. ಪೊಟ್ಟಣದ ಮೇಲೆ ಬಣ್ಣದ ಹೆಸರು, 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಅವಧಿ ಇವೆಯೇ ಎಂದು ನೋಡಬೇಕು. ಒಳ್ಳೆಯ ಬಣ್ಣವನ್ನೂ ಹಳೆಯ ಶೀಶೆಗೆ ಸುರಿದು ಈ ಗುರುತನ್ನು ಕಳೆಯಬಾರದು. ಪೊಟ್ಟಣದ ಸಮೇತ ಡಬ್ಬಿಯಲ್ಲಿಟ್ಟು, ಒಡೆದ ತಾರೀಖನ್ನು ಅದರ ಮೇಲೇ ಬರೆದರಾಯಿತು. ರಂಗೋಲಿ ಬಣ್ಣವೂ ಕುಂಕುಮವೂ ಅದೇ ಗೂಡಿನಲ್ಲಿದ್ದರಂತೂ ಹೆಸರಿಲ್ಲದ ಶೀಶೆ ಅಪಾಯವೇ. ಅವಸರದಲ್ಲಿ ಕೈಗೆ ಸಿಕ್ಕಿದ್ದೇ ಪಾತ್ರೆಗೆ ಬೀಳುತ್ತದೆ, ಮೊದಲು ಉಣ್ಣುವುದು ಮಕ್ಕಳು.

ಯಾವುದೆಂದು ಗೊತ್ತಾಗದ ಬಣ್ಣ ಮನೆಯಲ್ಲಿದ್ದರೆ ಇಂದೇ ಕಸಕ್ಕೆ ಹಾಕಿ. ತುಪ್ಪ, ದ್ರಾಕ್ಷಿ, ಗೋಡಂಬಿ ಹದವಾಗಿ ಬಿದ್ದ ಕೇಸರಿಬಾತ್ ಬೆಳ್ಳಗಿದ್ದರೂ ಎಲೆಯಲ್ಲಿ ಉಳಿಯುವುದಿಲ್ಲ.