ಹುಡುಗಿಗೆ ಹೇಳಬೇಡಿ!

ಈ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ? ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಮೊದಲು ಹೊರಡುವ ಆದೇಶ ಇದೇ. "ಹುಡುಗಿಗೆ ಹೇಳಬೇಡಿ. ಪರದೇಶದಲ್ಲಿ ಒಬ್ಬಳೇ ಇದ್ದಾಳೆ, ಹೆದರ್ತಾಳೆ." ಕೇಳಲಿಕ್ಕೆ ಎಷ್ಟು ಪ್ರೀತಿಯ ಮಾತು! ಆದರೆ ಇದರಷ್ಟು ಕ್ರೂರವಾದ ಮಾತು ಬೇರೆ ಇಲ್ಲ ಅಂತ ನನಗೀಗ ಅನ್ನಿಸುತ್ತಿದೆ. ಯಾಕೆ ಅಂತ ಹೇಳ್ತೇನೆ, ಕೇಳಿ.

2023ರ ಡಿಸೆಂಬರ್. ಕುಂದಾಪುರದ ಹತ್ತಿರದ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ವಯಸ್ಸು 84. ನಾನು ಬ್ಯಾಂಕಿಗೆ ರಜೆ ಹಾಕಿ ಡೊಂಬಿವಲಿಯಿಂದ ಹೊರಟೆ. ಅಣ್ಣನ ಮಗ ಟೊರೊಂಟೋದಲ್ಲಿದ್ದಾನೆ, ಅವನಿಗೆ ಒಂದೇ ಗಂಟೆಯಲ್ಲಿ ಫೋನ್ ಹೋಯಿತು. ಅಣ್ಣನ ಮಗಳು ಆಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಳು. ಅವಳಿಗೆ ಮಾತ್ರ ಇಲ್ಲ. "ಹೇಳ್ಬೇಡ ಮಾರಾಯ, ಥೀಸಿಸ್ ಮುಗೀಲಿ" ಅಂದ ಅಣ್ಣ. ನಾನೂ ತಲೆಯಾಡಿಸಿದೆ.

ಮೂರನೇ ದಿನ ಅವಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೋ. ಕ್ರಿಸ್‌ಮಸ್ ಸಂತೆ, ಸಾಲುದೀಪ, ನಾಲ್ಕು ಹುಡುಗಿಯರು, ಇಬ್ಬರು ಹುಡುಗರು, ಕೈಯಲ್ಲಿ ಹಬೆಯಾಡುವ ಮಗ್ಗು. ತಗೊಳ್ಳಿ, ಆಸ್ಪತ್ರೆಯ ವರಾಂಡದಲ್ಲೇ ವಿಚಾರಣೆ ಶುರು! "ಅಜ್ಜಿ ಇಲ್ಲಿ ಹೀಗೆ ಮಲಗಿದ್ದಾರೆ, ಅಲ್ಲಿ ಇವಳ ಮಜಾ ನೋಡಿ." "ಆ ಹುಡುಗ ಯಾರು?" "ಮಗ್ಗಲ್ಲಿ ಇರೋದು ಎಂತ?"

ಅಲ್ಲ ಸ್ವಾಮಿ, ಅಜ್ಜಿ ಮಲಗಿದ್ದು ಅವಳಿಗೆ ಗೊತ್ತಿದ್ದರೆ ತಾನೇ? ಸುದ್ದಿ ಮುಚ್ಚಿಟ್ಟವರು ನಾವು, ಅಪರಾಧಿ ಅವಳು! 2002ರ ಸರ್ಫೇಸಿ ಕಾಯ್ದೆ ಪ್ರಕಾರ ಸಾಲ ಕಟ್ಟದ ಸುಸ್ತಿದಾರನ ಮನೆ ವಶಕ್ಕೆ ತೆಗೆದುಕೊಳ್ಳುವ ಮೊದಲು ಬ್ಯಾಂಕು 60 ದಿನಗಳ ನೋಟಿಸ್ ಕೊಡಬೇಕು. ಸುಸ್ತಿದಾರನಿಗೆ ಇರುವ ಈ ಮರ್ಯಾದೆ ಮನೆಮಗಳಿಗೆ ಬೇಡವೇ?

ಅಷ್ಟಕ್ಕೂ ಅವಳು ಸಂತೆಗೆ ಹೋದದ್ದರಲ್ಲಿ ತಪ್ಪೇನು? ಅದು 1434ರಲ್ಲಿ ಶುರುವಾದ ಸಂತೆ. ಕೋಟೇಶ್ವರದ ಕೊಡಿಹಬ್ಬಕ್ಕೆ ಇದೇ ಹುಡುಗಿ ಗೆಳತಿಯರ ಜೊತೆ ಹೋಗಿ ಕಬ್ಬು ತಂದಾಗ ಯಾರೂ ಏನೂ ಕೇಳಿರಲಿಲ್ಲ. ಆ ಊರಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂ ಚಿಲ್ಲರೆಗೇ ಕತ್ತಲೆ. ಭಾನುವಾರ ಅಂಗಡಿಗಳೂ ಬಂದ್. ನಾಲ್ಕು ಜನ ಸ್ನೇಹಿತರಿಲ್ಲದೆ ಗೋಡೆ ನೋಡಿಕೊಂಡು ಕೂರಬೇಕಿತ್ತೇ? ನಾನು 1991ರಲ್ಲಿ ಮುಂಬೈಗೆ ಬಂದಾಗ ಊರಿನವರ ರೂಮು, ಮಾಟುಂಗದ ಮೈಸೂರು ಅಸೋಸಿಯೇಶನ್ ಇಲ್ಲದಿದ್ದರೆ ಆರೇ ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಿದ್ದೆ. ನನ್ನದು ಸಂಘಜೀವನ, ಅವಳದ್ದು ಮಜಾ. ಇದೆಂಥ ನ್ಯಾಯ?

ಅಮ್ಮನಿಗೆ ನಾಲ್ಕು ದಿನ ಚೆನ್ನಾಗಿ ಪ್ರಜ್ಞೆ ಇತ್ತು. ದಿನಾ ಕೇಳುತ್ತಿದ್ದದ್ದು ಒಂದೇ. "ಹೆಣ್ಣಿನ ಫೋನ್ ಬಂತಾ?" ಫೋನು ನಮ್ಮ ಕೈಯಲ್ಲೇ ಇತ್ತು. ಎರಡು ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಷ್ಟೇ. "ನೆಟ್‌ವರ್ಕ್ ಇಲ್ಲ ಅಮ್ಮ" ಅಂದೆವು. ಐದನೇ ದಿನ ನ್ಯುಮೋನಿಯಾ. ಏಳನೇ ದಿನ ಅಮ್ಮ ಹೋದರು. ದಹನ ಮುಗಿಸಿ ಬಂದ ಮೇಲೆ ಹುಡುಗಿಗೆ ಸುದ್ದಿ ಹೋಯಿತು.

ಆ ರಾತ್ರಿ ನನಗೆ ಫೋನ್ ಮಾಡಿದಳು. ಅಳಲಿಲ್ಲ. "ಚಿಕ್ಕಯ್ಯ, ನೀವೂ ಹೇಳ್ಲಿಲ್ಲ" ಅಂದಳು. ಅವಳ ಹತ್ತಿರ ಬೆಳಗಿನ ತನಕ ಕೂತು, ಗಂಜಿ ಮಾಡಿ ಉಣ್ಣಿಸಿದವರು ಯಾರು ಗೊತ್ತಾ? ಆ ಫೋಟೋದಲ್ಲಿ ಇದ್ದವರೇ.

"ಹೇಳಿ ಏನು ಪ್ರಯೋಜನ, ಬರಲಿಕ್ಕೆ ಆಗ್ತಿತ್ತಾ?" ಅಂತ ಕೇಳುವವರಿದ್ದಾರೆ. ಬರುವುದು ಬಿಡುವುದು ಅವಳು ತೀರ್ಮಾನಿಸಲಿ. ವೀಸಾಕ್ಕಾಗಿ 11,208 ಯೂರೋ ಬ್ಲಾಕ್ಡ್ ಅಕೌಂಟಿಗೆ ಹಾಕುವ ಕಾಗದಪತ್ರ ಮಾಡಿಕೊಟ್ಟವನು ನಾನೇ. ಅದರಿಂದ ಆಗ ತಿಂಗಳಿಗೆ ಬರುತ್ತಿದ್ದ 934 ಯೂರೋದಲ್ಲಿ ಬಾಡಿಗೆ, ವಿಮೆ, ಊಟ ಎಲ್ಲ ಸರಿದೂಗಿಸುತ್ತಿದ್ದವಳಿಗೆ ಒಂದು ಕೆಟ್ಟ ಸುದ್ದಿ ತಡೆದುಕೊಳ್ಳುವ ಶಕ್ತಿ ಇಲ್ಲವೇ? ಮಗನಾದರೆ ಜವಾಬ್ದಾರಿ ಅಂತ ಹೇಳುತ್ತೇವೆ, ಮಗಳಾದರೆ ಹೆದರ್ತಾಳೆ ಅಂತ ಮುಚ್ಚಿಡುತ್ತೇವೆ. ಇದು ಪ್ರೀತಿ ಅಲ್ಲ, ಅವಳನ್ನು ಲೆಕ್ಕಕ್ಕೇ ಹಿಡಿಯದಿರುವುದು.

1994ರಲ್ಲಿ ನನಗೊಂದು ತಂತಿ ಬಂದಿತ್ತು. "ತಂದೆ ಸೀರಿಯಸ್, ಕೂಡಲೇ ಹೊರಡು." ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ, ಆಗ ಬಸ್ಸೇ ಗತಿ. ಮನೆ ಮುಟ್ಟುವಾಗ ಚಿತೆ ಆರಿತ್ತು. "ಹದಿನೈದು ದಿನದಿಂದ ಮಲಗಿದ್ರು, ನಿಂಗೆ ಗಾಬರಿ ಆಗ್ತದೆ ಅಂತ ಬರೀಲಿಲ್ಲ" ಅಂದರು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ಅಂಥ ನಾನೇ ಇವಳಿಗೂ ಅದನ್ನೇ ಮಾಡಿದೆ! ತಂತಿ ಸೇವೆ 2013ರಲ್ಲಿ ನಿಂತಿತು, ನಮ್ಮ ಬುದ್ಧಿ ಮಾತ್ರ ಇನ್ನೂ ತಂತಿ ಕಾಲದ್ದೇ.

ನಿಮ್ಮ ಮನೆಯ ಹೆಣ್ಣುಮಗಳು ದೂರದಲ್ಲಿದ್ದರೆ ಇವತ್ತೇ ಅವಳಿಗೊಂದು ಮಾತು ಕೊಡಿ. ಮನೆಯಲ್ಲಿ ಏನೇ ಆದರೂ ಅದೇ ದಿನ ಹೇಳ್ತೇವೆ ಅಂತ. ನಾನು ಕೊಟ್ಟಿದ್ದೇನೆ. ಅವಳು ನಂಬಿದ್ದಾಳೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.